ಬಿತ್ತುವ ಮೊದಲು ಹಣ ಕೊಡುವವರು ಯಾರು?

ಕೋಲಾರದ ಟೊಮೆಟೊ ಮಾರುಕಟ್ಟೆಯಲ್ಲಿ 2023ರ ಜುಲೈನಲ್ಲಿ 15 ಕಿಲೊ ಬಾಕ್ಸ್ ಒಂದರ ಬೆಲೆ ಎರಡು ಸಾವಿರ ರೂಪಾಯಿ ದಾಟಿತ್ತು. ಎರಡು ತಿಂಗಳು ಕಳೆಯುವಷ್ಟರಲ್ಲಿ ಅದೇ ಬಾಕ್ಸ್ ಇನ್ನೂರಕ್ಕೂ ಕೆಳಗಿಳಿದು, ಕೂಲಿ ಕೊಟ್ಟು ಹಣ್ಣು ಬಿಡಿಸುವುದೂ ದಂಡ ಎನ್ನುವಂತಾಯಿತು. ಈ ಏರಿಳಿತ ಎಲ್ಲರ ಕಣ್ಣಿಗೂ ಬೀಳುತ್ತದೆ. ಅದಕ್ಕೂ ಮೂರು ತಿಂಗಳು ಹಿಂದೆ ನಡೆಯುವ ವ್ಯವಹಾರ ಯಾರ ಕಣ್ಣಿಗೂ ಬೀಳುವುದಿಲ್ಲ. ಸಸಿ, ಮಲ್ಚಿಂಗ್ ಪೇಪರ್, ಡ್ರಿಪ್ ಪೈಪು, ಗಿಡಕ್ಕೆ ಆಸರೆಯಾಗಿ ನೆಡುವ ಕಡ್ಡಿ, ಗೊಬ್ಬರ, ಔಷಧಿ, ಕೂಲಿ ಎಂದು ಎಕರೆಗೆ ಲಕ್ಷಕ್ಕೂ ಮೀರಿ ಖರ್ಚು ಬರುತ್ತದೆ. ಸಣ್ಣ ರೈತರ ಕೈಯಲ್ಲಿ ಅಷ್ಟು ಹಣ ಇರುವುದಿಲ್ಲ. ಬ್ಯಾಂಕಿನ ಸಾಲ ಸಾಲದು, ಸಿಗುವ ಹೊತ್ತಿಗೆ ಹದವೂ ತಪ್ಪಿರುತ್ತದೆ. ಹಾಗಾಗಿ ಮಂಡಿಯವರ ಹತ್ತಿರ ಮುಂಗಡ ತರುತ್ತಾರೆ. ಮುಂಗಡ ಕೊಟ್ಟ ಮಂಡಿಗೇ ಮಾಲು ಹಾಕಬೇಕು, ಅಲ್ಲಿ ಕೂಗಿದ ಬೆಲೆಗೇ ಒಪ್ಪಬೇಕು, ಕಮಿಷನ್, ಹಮಾಲಿ, ಮುಂಗಡದ ಬಾಕಿ ಎಲ್ಲ ಮುರಿದುಕೊಂಡು ಉಳಿದದ್ದನ್ನು ತರಬೇಕು. ಬೆಳೆ ಹೋದರೆ ಮುಂಗಡ ಮಾತ್ರ ಹಾಗೇ ಉಳಿಯುತ್ತದೆ.

ರೈತರನ್ನೂ ಉಣ್ಣುವವರನ್ನೂ ನೇರವಾಗಿ ಜೋಡಿಸಬೇಕೆಂಬ ಮಾತು ಬಂದಾಗ ನಾವು ತಾಜಾತನ, ಸಾವಯವ, ಮಧ್ಯವರ್ತಿಗಳ ಕಾಟ ಎಂದೆಲ್ಲ ಮಾತಾಡುತ್ತೇವೆ. ಅವೆಲ್ಲ ನಿಜವೇ. ರಿಸರ್ವ್ ಬ್ಯಾಂಕ್ 2024ರಲ್ಲಿ ಹೊರತಂದ ಅಧ್ಯಯನದ ಪ್ರಕಾರ ಗ್ರಾಹಕರು ಟೊಮೆಟೊಗೆ ಕೊಡುವ ಒಂದು ರೂಪಾಯಿಯಲ್ಲಿ ರೈತರಿಗೆ ಸೇರುವುದು ಸುಮಾರು 33 ಪೈಸೆ, ಈರುಳ್ಳಿಯಲ್ಲಿ 36 ಪೈಸೆ. ಆದರೆ ಈ ಪಾಲು ಹೆಚ್ಚಿಸಿದ ಮಾತ್ರಕ್ಕೆ ಸಮಸ್ಯೆ ಬಗೆಹರಿಯುವುದಿಲ್ಲ. ಅದಕ್ಕಿಂತ ಆಳದಲ್ಲಿ ಎರಡು ಪ್ರಶ್ನೆಗಳಿವೆ. ಬಿತ್ತುವ ಮೊದಲು ಹಣ ಹಾಕುವವರು ಯಾರು? ಬೆಳೆ ಕೈಕೊಟ್ಟರೆ ನಷ್ಟ ಹೊರುವವರು ಯಾರು? ಈ ಎರಡಕ್ಕೂ ‘ಉಣ್ಣುವವರು’ ಎಂದು ಉತ್ತರ ಕೊಡಲು ಹೊರಟ ಪ್ರಯೋಗವೇ ಸಮುದಾಯ ಬೆಂಬಲಿತ ಕೃಷಿ, ಜಗತ್ತಿನ ಬಾಯಲ್ಲಿ ಸಿಎಸ್‌ಎ. ಅರ್ಧ ಶತಮಾನದ ಈ ಪ್ರಯೋಗ ಎಲ್ಲಿ ಗೆದ್ದಿತು, ಎಲ್ಲಿ ಸೋತಿತು ಎಂದು ನೋಡಿದರೆ ನಮಗೆ ಕಲಿಯುವುದು ಸಾಕಷ್ಟಿದೆ.

ಹಳೇ ಮೈಸೂರಿನ ಊರುಗಳಲ್ಲಿ ಹಾಲಿಗೂ ಹೂವಿಗೂ ವರ್ತನೆ ಇತ್ತು. ದಿನಾ ಬೆಳಗ್ಗೆ ಬಾಗಿಲಿಗೆ ಬರುವ ಪಾವು ಹಾಲು, ಮೊಳ ಹೂವು, ತಿಂಗಳ ಕೊನೆಯಲ್ಲಿ ಲೆಕ್ಕ. ಅದರಲ್ಲಿ ಪರಿಚಯವಿತ್ತು, ನಂಬಿಕೆಯಿತ್ತು, ಆದರೆ ಹಣ ಹಿಂದಿನಿಂದ ಬರುತ್ತಿತ್ತು. ಹಸು ಬತ್ತಿಸಿದರೆ ಆ ತಿಂಗಳು ಹಾಲು ಹಾಕುವವರಿಗೆ ದುಡ್ಡಿಲ್ಲ. ಸಿಎಸ್‌ಎ ಈ ಲೆಕ್ಕವನ್ನು ತಿರುಗಿಸುತ್ತದೆ. ಹಂಗಾಮಿನ ಆರಂಭದಲ್ಲಿ ಕುಟುಂಬಗಳು ಪಾಲಿನ ಹಣ ಕಟ್ಟುತ್ತವೆ, ರೈತರು ಆ ಹಣದಲ್ಲಿ ಬೀಜ, ಗೊಬ್ಬರ, ಕೂಲಿ ನೋಡಿಕೊಳ್ಳುತ್ತಾರೆ, ಬೆಳೆದದ್ದನ್ನು ವಾರವಾರ ಪಾಲಿನವರು ಹಂಚಿಕೊಳ್ಳುತ್ತಾರೆ. ಹೆಚ್ಚು ಬಂದರೆ ಬುಟ್ಟಿ ತುಂಬುತ್ತದೆ, ಆಲಿಕಲ್ಲು ಬಿದ್ದರೆ ಬುಟ್ಟಿ ಬಡವಾಗುತ್ತದೆ, ಆದರೆ ರೈತರ ವರ್ಷದ ದುಡಿಮೆಗೆ ಮೋಸವಿಲ್ಲ.

ಇದರ ಮೊದಲ ಗಟ್ಟಿ ರೂಪ ಜಪಾನಿನದು, ಹುಟ್ಟಿದ್ದು ಭಯದಿಂದ. 1955ರಲ್ಲಿ ಅಲ್ಲಿ ಆರ್ಸೆನಿಕ್ ಬೆರೆತ ಹಾಲಿನ ಪುಡಿ ಕುಡಿದು ನೂರಕ್ಕೂ ಹೆಚ್ಚು ಎಳೆಗೂಸುಗಳು ಸತ್ತವು. ಮರುವರ್ಷ ಮಿನಾಮಾತದ ಪಾದರಸ ವಿಷದ ಕಾಯಿಲೆ ಬೆಳಕಿಗೆ ಬಂತು. ಅಂಗಡಿಯಲ್ಲಿ ಕೊಂಡದ್ದನ್ನು ಮಕ್ಕಳ ಬಾಯಿಗಿಡಲು ಹೆದರಿದ ತಾಯಂದಿರು ಗುಂಪು ಕಟ್ಟಿಕೊಂಡು, ವಿಷ ಹೊಡೆಯದೆ ಬೆಳೆಯುವ ರೈತರನ್ನು ಹುಡುಕಿಕೊಂಡು ಹೋದರು. ಸಹಕಾರ ಚಳವಳಿಯ ತೆರುವೊ ಇಚಿರಾಕು ಅವರ ಮುಂದಾಳತ್ವದಲ್ಲಿ 1971ರಲ್ಲಿ ಜಪಾನ್ ಸಾವಯವ ಕೃಷಿ ಸಂಘ ಹುಟ್ಟಿತು. ಈ ಸಂಬಂಧಕ್ಕೆ ‘ತೇಕೇ’ ಎಂಬ ಹೆಸರು ನಿಂತಿತು. 1978ರಲ್ಲಿ ಸಂಘ ಹತ್ತು ತತ್ವಗಳನ್ನು ಬರೆದುಕೊಂಡಿತು. ಅವುಗಳಲ್ಲಿ ಒಂದು ಈಗಲೂ ನನ್ನನ್ನು ಹಿಡಿದು ನಿಲ್ಲಿಸುತ್ತದೆ: ರೈತರು ಬೆಳೆದದ್ದನ್ನೆಲ್ಲ ಗ್ರಾಹಕರು ತೆಗೆದುಕೊಳ್ಳಬೇಕು. ಮೂಲಂಗಿ ಹೆಚ್ಚು ಬಂದ ವಾರ ಮನೆಮಂದಿಗೆಲ್ಲ ಮೂಲಂಗಿ. ಅಡುಗೆಮನೆ ಹೊಲದ ಮಾತು ಕೇಳಬೇಕು ಎನ್ನುವ ಈ ಷರತ್ತು ಸಣ್ಣದಲ್ಲ.

ತೇಕೇಯ ಒಳಗೂ ಹಣದ ಪ್ರಶ್ನೆ ಸುಲಭವಾಗಿ ಬಗೆಹರಿಯಲಿಲ್ಲ. ಟೋಕಿಯೊ ಬಳಿಯ ಸೈತಾಮ ಪ್ರಾಂತ್ಯದ ಒಗಾವಾ ಊರಿನಲ್ಲಿ ಯೊಶಿನೊರಿ ಕಾನೆಕೊ ಎಂಬ ರೈತರು 1975ರಲ್ಲಿ ಹತ್ತು ಕುಟುಂಬಗಳೊಂದಿಗೆ ಒಪ್ಪಂದ ಮಾಡಿಕೊಂಡರು. ತಿಂಗಳಿಗೆ ಇಷ್ಟು ಎಂದು ನಿಗದಿತ ಶುಲ್ಕ, ಅದಕ್ಕೆ ಪ್ರತಿಯಾಗಿ ಅಕ್ಕಿ, ತರಕಾರಿ, ಮೊಟ್ಟೆ. ಎರಡೇ ವರ್ಷದಲ್ಲಿ ಅದು ಮುರಿದುಬಿತ್ತು. ಕೊಟ್ಟ ದುಡ್ಡಿಗೆ ಬಂದ ತರಕಾರಿ ಸಮವೇ ಎಂಬ ಲೆಕ್ಕ ಶುರುವಾದ ಮೇಲೆ ಸಂಬಂಧ ಉಳಿಯಲಿಲ್ಲ. ಕಾನೆಕೊ ಬೇಸಾಯ ಬಿಡಲಿಲ್ಲ, ದರವನ್ನು ಬಿಟ್ಟರು. ಹತ್ತು ಮನೆಗಳಿಗೆ ಬೆಳೆದದ್ದನ್ನು ಕೊಡುವುದು, ಅವರು ಕೃತಜ್ಞತೆಯಿಂದ ತಮಗೆ ತೋಚಿದಷ್ಟು ಕೊಡುವುದು. ಹುಚ್ಚು ಎನಿಸುವ ಈ ಪದ್ಧತಿ ನಿಂತಿತು. ಅವರು 2022ರಲ್ಲಿ ತೀರಿಕೊಂಡರು. ಆ ವೇಳೆಗೆ ಅವರಿಂದ ಕಲಿತವರು ಜಪಾನಿನ ಉದ್ದಗಲಕ್ಕೂ ಬೇಸಾಯ ಮಾಡುತ್ತಿದ್ದರು, ಒಗಾವಾದ ಅಕ್ಕಪಕ್ಕದ ರೈತರೂ ಸಾವಯವಕ್ಕೆ ಹೊರಳಿದ್ದರು. ಕಾಣಿಕೆಯ ಪದ್ಧತಿ ಎಲ್ಲ ಕಡೆ ನಡೆಯುತ್ತದೆಂದು ನಾನು ಹೇಳಲಾರೆ. ಆದರೆ ಪಾಲಿನ ಹಣವನ್ನು ತಕ್ಕಡಿಯಲ್ಲಿಟ್ಟು ತೂಗತೊಡಗಿದರೆ ಅದು ಮತ್ತೆ ಅಂಗಡಿ ವ್ಯಾಪಾರವಾಗುತ್ತದೆ ಎಂಬುದನ್ನು ಒಗಾವಾದ ಆ ಎರಡು ವರ್ಷಗಳು ಸ್ಪಷ್ಟವಾಗಿ ತೋರಿಸಿವೆ.

ತೇಕೇಯ ಮೇಲೆ ಬಂದ ದೊಡ್ಡ ಸಂಕಟ 2011ರದು. ಫುಕುಶಿಮಾ ಅಣು ಸ್ಥಾವರ ಒಡೆದಾಗ ಆ ಪ್ರಾಂತ್ಯದ ಸಾವಯವ ರೈತರಿಂದ ಎಷ್ಟೋ ವರ್ಷಗಳ ಗ್ರಾಹಕರು ದೂರವಾದರು. ಮಕ್ಕಳ ಆರೋಗ್ಯಕ್ಕಾಗಿ ಹುಟ್ಟಿದ ಸಂಬಂಧ, ಮಕ್ಕಳ ಆರೋಗ್ಯದ ಭಯದಿಂದಲೇ ಕಡಿಯಿತು. ಆ ತಾಯಂದಿರನ್ನು ದೂರಲು ಮನಸ್ಸು ಬಾರದು. ತಮ್ಮ ತಪ್ಪೇ ಇಲ್ಲದೆ ಮಣ್ಣು ಕಳೆದುಕೊಂಡ ರೈತರ ಪಾಡಂತೂ ಹೇಳತೀರದು. ಇದಲ್ಲದೆ ತೇಕೇ ಅದಕ್ಕೂ ಮೊದಲೇ ಸೊರಗತೊಡಗಿತ್ತು. ಹಗಲು ಮನೆಯಲ್ಲಿದ್ದು ತರಕಾರಿ ಇಳಿಸಿಕೊಂಡು, ಪಾಲು ಮಾಡಿ, ಅಕ್ಕಪಕ್ಕದವರಿಗೆ ಹಂಚುತ್ತಿದ್ದ ಹೆಂಗಸರು ನೌಕರಿಗೆ ಹೊರಟರು. ಅವರ ಸಂಬಳವಿಲ್ಲದ ದುಡಿಮೆಯೇ ಇಡೀ ವ್ಯವಸ್ಥೆಯ ಅಚ್ಚು ಎಂಬುದು ಆಗ ಗೊತ್ತಾಯಿತು. ಅಂಗಡಿಗಳಲ್ಲಿ ಸಾವಯವ ಮುದ್ರೆಯ ಮಾಲು ಸಿಗತೊಡಗಿದ ಮೇಲೆ ಹೊಸಬರು ಬರುವುದೂ ಕಡಿಮೆಯಾಯಿತು.

ಅಮೆರಿಕಕ್ಕೆ ಈ ವಿಚಾರ ಯುರೋಪಿನಿಂದ ಬಂತು ಎನ್ನುವುದು ರೂಢಿಯ ಕಥೆ. ಅದಕ್ಕೂ ಮುಂಚೆ ಅಲಬಾಮಾದ ಟಸ್ಕೀಗೀ ವಿಶ್ವವಿದ್ಯಾಲಯದ ತೋಟಗಾರಿಕೆ ಪ್ರಾಧ್ಯಾಪಕ ಬುಕರ್ ಟಿ. ವ್ಯಾಟ್ಲಿ ಅವರನ್ನು ನೆನೆಯಬೇಕು. ಸಾಲದಲ್ಲಿ ಭೂಮಿ ಕಳೆದುಕೊಳ್ಳುತ್ತಿದ್ದ ಕಪ್ಪು ಜನಾಂಗದ ಸಣ್ಣ ರೈತರಿಗೆ ಅವರು 1970ರ ದಶಕದಲ್ಲೇ ಕೊಟ್ಟ ಸಲಹೆ ಇದು: ಪಟ್ಟಣದ ಕುಟುಂಬಗಳನ್ನು ಸದಸ್ಯರನ್ನಾಗಿ ಮಾಡಿಕೊಳ್ಳಿ, ಸದಸ್ಯತ್ವದ ಹಣ ಮುಂಚೆಯೇ ಪಡೆಯಿರಿ, ಅವರೇ ಬಂದು ತೋಟದಿಂದ ಕಿತ್ತುಕೊಂಡು ಹೋಗಲಿ. ಬ್ಯಾಂಕಿನ ಬಾಗಿಲು ಮುಚ್ಚಿದ್ದ ರೈತರಿಗೆ ಗಿರಾಕಿಗಳೇ ಬ್ಯಾಂಕು. ಸಿಎಸ್‌ಎ ಚರಿತ್ರೆಯಲ್ಲಿ ವ್ಯಾಟ್ಲಿ ಅವರ ಹೆಸರು ಬಹುಕಾಲ ಕಾಣೆಯಾಗಿತ್ತು. ಅದು ದೊಡ್ಡ ಅನ್ಯಾಯ.

ಮ್ಯಾಸಚೂಸೆಟ್ಸ್‌ನ ಸೌತ್ ಎಗ್ರೆಮಾಂಟ್‌ನಲ್ಲಿ ರಾಬಿನ್ ವ್ಯಾನ್ ಎನ್ ಅವರ ಇಂಡಿಯನ್ ಲೈನ್ ಫಾರ್ಮ್ 1985ರ ಶರತ್ಕಾಲದಲ್ಲಿ ಸೇಬಿನ ಪಾಲು ಹಂಚಿ, ಮರುವರ್ಷ ತರಕಾರಿಗೆ ಕೈಹಾಕಿತು. ಸ್ವಿಟ್ಜರ್‌ಲೆಂಡಿನ ಅನುಭವ ಹೊತ್ತು ಬಂದಿದ್ದ ಯಾನ್ ವಾಂಡರ್ ಟ್ಯೂನ್ ಜೊತೆಗಿದ್ದರು. ಅದೇ 1986ರಲ್ಲಿ ನ್ಯೂ ಹ್ಯಾಂಪ್‌ಶೈರ್‌ನ ಟೆಂಪಲ್-ವಿಲ್ಟನ್ ಸಮುದಾಯ ಫಾರ್ಮ್ ಶುರುವಾಯಿತು. ಅದರ ಸ್ಥಾಪಕರಲ್ಲೊಬ್ಬರಾದ ಟ್ರಾವ್ಗರ್ ಗ್ರೋ ಜರ್ಮನಿಯ ಬುಶ್‌ಬರ್ಗ್‌ಹೋಫ್ ಎಂಬ ಜಮೀನಿನಿಂದ ಬಂದವರು. ಟೆಂಪಲ್-ವಿಲ್ಟನ್ನಿನ ಕ್ರಮ ವಿಶೇಷವಾದದ್ದು. ಪಾಲಿಗೆ ಬೆಲೆಯೇ ಇಲ್ಲ. ವಾರ್ಷಿಕ ಸಭೆಯಲ್ಲಿ ರೈತರು ವರ್ಷದ ಖರ್ಚಿನ ಪಟ್ಟಿ ಮುಂದಿಡುತ್ತಾರೆ. ಪ್ರತಿ ಕುಟುಂಬ ತನ್ನ ಶಕ್ತಿಯಿದ್ದಷ್ಟು ಕೊಡುವುದಾಗಿ ಮಾತು ಕೊಡುತ್ತದೆ. ಎಲ್ಲ ಮಾತುಗಳ ಮೊತ್ತ ಖರ್ಚನ್ನು ಮುಟ್ಟುವವರೆಗೆ ಸಭೆ ಮುಗಿಯುವುದಿಲ್ಲ. ಆಮೇಲೆ ಯಾರಿಗೆ ಎಷ್ಟು ಬೇಕೋ ಅಷ್ಟು ತರಕಾರಿ ಒಯ್ಯುತ್ತಾರೆ. ಕೊಟ್ಟ ಹಣಕ್ಕೂ ಒಯ್ದ ಬುಟ್ಟಿಗೂ ಲೆಕ್ಕ ಹಚ್ಚುವುದಿಲ್ಲ.

ಜರ್ಮನಿಯ ಎಷ್ಟೋ ಗುಂಪುಗಳು ಇದನ್ನೇ ಇನ್ನಷ್ಟು ಅಚ್ಚುಕಟ್ಟು ಮಾಡಿಕೊಂಡಿವೆ. ಸಭೆಯಲ್ಲಿ ಸರಾಸರಿ ಪಾಲು ಎಷ್ಟಾಗುತ್ತದೆಂದು ಮೊದಲು ಹೇಳುತ್ತಾರೆ. ಪ್ರತಿಯೊಬ್ಬರೂ ತಾವು ಕೊಡಬಲ್ಲ ಮೊತ್ತವನ್ನು ಚೀಟಿಯಲ್ಲಿ ಬರೆದು ಹಾಕುತ್ತಾರೆ. ವಿದ್ಯಾರ್ಥಿನಿ ಸರಾಸರಿಗಿಂತ ಕಡಿಮೆ ಬರೆಯಬಹುದು, ವೈದ್ಯರು ಹೆಚ್ಚು ಬರೆಯಬಹುದು, ಯಾರು ಎಷ್ಟು ಬರೆದರೆಂಬುದು ಗುಟ್ಟು. ಒಟ್ಟು ಸಾಲದಿದ್ದರೆ ಕೊರತೆ ಇಷ್ಟು ಎಂದು ಹೇಳಿ ಎರಡನೇ ಸುತ್ತು ಚೀಟಿ ಹಾಕಿಸುತ್ತಾರೆ. ನಮ್ಮ ಹೆಂಗಸರು ಚೀಟಿ ವ್ಯವಹಾರವನ್ನು ಎಷ್ಟು ಚೆನ್ನಾಗಿ ನಡೆಸುತ್ತಾರೆಂದು ಬಲ್ಲವರಿಗೆ ಇದು ಕಷ್ಟವೆನಿಸದು. ಇಂಥ ಗುಂಪುಗಳ ಒಕ್ಕೂಟ ಅಲ್ಲಿ 2011ರಲ್ಲಿ ಆಯಿತು, ಈಗ ನಾನೂರಕ್ಕೂ ಹೆಚ್ಚು ಜಮೀನುಗಳಿವೆ.

ಫ್ರಾನ್ಸಿನದು ಒಪ್ಪಂದದ ದಾರಿ. ಟೂಲಾನ್ ನಗರದ ಪಕ್ಕದ ಊರಲ್ಲಿ ತರಕಾರಿ ಬೆಳೆಯುತ್ತಿದ್ದ ವ್ಯೂಯ್ಯೋನ್ ದಂಪತಿ ನ್ಯೂಯಾರ್ಕಿನಲ್ಲಿ ಸಿಎಸ್‌ಎ ನೋಡಿ ಬಂದು 2001ರಲ್ಲಿ ಮೊದಲ ‘ಅಮಾಪ್’ ಕಟ್ಟಿದರು. ಹಂಗಾಮಿಗೆ ಲಿಖಿತ ಕರಾರು, ವಾರಕ್ಕೊಂದು ಸಂಜೆ ಎರಡು ಗಂಟೆ ಹಂಚಿಕೆ, ಸದಸ್ಯರು ಸರದಿಯಂತೆ ಬಂದು ತೂಗಿ ಹಂಚುವುದು. ಒಂದೂವರೆ ದಶಕದಲ್ಲಿ ಅವು ಎರಡು ಸಾವಿರದಷ್ಟಾದವು. ಸರದಿ ಎಂಬುದು ಸಣ್ಣ ಸಂಗತಿಯೆನಿಸಬಹುದು, ಆದರೆ ಜಪಾನಿನ ಗೃಹಿಣಿಯರ ಮೇಲೆ ಬಿದ್ದಿದ್ದ ಹೊರೆ ಇಲ್ಲಿ ಎಲ್ಲರಿಗೂ ಹಂಚಿಹೋಯಿತು.

ನಷ್ಟ ಹಂಚಿಕೊಳ್ಳುವ ಮಾತು ನೆರೆ ಬಂದಾಗಲೇ ಪರೀಕ್ಷೆಗೆ ಬೀಳುವುದು. ವರ್ಮಾಂಟ್ ರಾಜ್ಯದ ಬರ್ಲಿಂಗ್ಟನ್ ನಗರದ ಅಂಚಿನಲ್ಲಿ ಇಂಟರ್‌ವೇಲ್ ಎಂಬ ನದಿಪಾತ್ರದ ತಗ್ಗು ಭೂಮಿಯಿದೆ. ಅಲ್ಲಿನ ಒಂದು ಜಮೀನನ್ನು ಉಣ್ಣುವವರೇ ಸಹಕಾರ ಸಂಘ ಮಾಡಿಕೊಂಡು ನಡೆಸುತ್ತಾರೆ. 2011ರ ಆಗಸ್ಟಿನ ಐರಿನ್ ಚಂಡಮಾರುತದಲ್ಲಿ, ಮತ್ತೆ 2023ರ ಜುಲೈ ಮಳೆಯಲ್ಲಿ ಆ ಹೊಲಗಳು ಮುಳುಗಿದವು. ನೆರೆನೀರು ಮುಟ್ಟಿದ ತರಕಾರಿಯನ್ನು ಅಲ್ಲಿನ ಆಹಾರ ಸುರಕ್ಷತಾ ನಿಯಮದಂತೆ ಮಾರುವಂತಿಲ್ಲ. ಗಿಡ ಹಸಿರಾಗಿಯೇ ನಿಂತಿರುತ್ತದೆ, ಕಾಯಿ ತೂಗುತ್ತಿರುತ್ತದೆ, ಉಳುಮೆ ಮಾಡಿ ಮಣ್ಣಿಗೆ ಸೇರಿಸಬೇಕು. ಮಂಡಿಗೆ ಮಾರುವ ರೈತರಿಗೆ ಅಲ್ಲಿಗೆ ಹಂಗಾಮು ಮುಗಿಯಿತು. ಪಾಲಿನ ಹಣ ಮೊದಲೇ ಬಂದಿದ್ದವರು ಕೂಲಿ ಕೊಟ್ಟು, ನೀರಿಳಿದ ಮೇಲೆ ಮತ್ತೆ ಬಿತ್ತಬಲ್ಲರು.

ಇಷ್ಟೆಲ್ಲ ಹೇಳಿದ ಮೇಲೆ ಸೋಲಿನ ಪಟ್ಟಿಯನ್ನೂ ಅಷ್ಟೇ ಗಟ್ಟಿಯಾಗಿ ಹೇಳಬೇಕು. ಅಮೆರಿಕದ ಕೃಷಿ ಇಲಾಖೆಯ 2015ರ ಸಮೀಕ್ಷೆಯ ಪ್ರಕಾರ ಸಿಎಸ್‌ಎ ಮೂಲಕ ಮಾರುವ ಜಮೀನುಗಳು 7,398, ವಹಿವಾಟು 22.6 ಕೋಟಿ ಡಾಲರ್. ಆ ದೇಶದ ಆಹಾರ ವ್ಯಾಪಾರದ ಎದುರು ಇದು ಏನೇನೂ ಅಲ್ಲ. ಸದಸ್ಯರಲ್ಲಿ ಹೆಚ್ಚಿನವರು ಓದಿದ, ಉಳ್ಳ, ಬಿಳಿಯ ಕುಟುಂಬಗಳು. ಬಡವರಿಗೆ ಸಿಗುವ ಸರ್ಕಾರಿ ಆಹಾರ ನೆರವಿನ ಕಾರ್ಡಿನಲ್ಲಿ ಹದಿನಾಲ್ಕು ದಿನಕ್ಕಿಂತ ಮುಂಚಿತವಾಗಿ ಹಣ ಕಟ್ಟುವಂತಿಲ್ಲ. ಅಂದರೆ ಮುಂಗಡವೆಂಬ ಮೂಲ ತತ್ವವೇ ಬಡವರನ್ನು ಹೊರಗಿಡುತ್ತದೆ. ವಿಸ್ಕಾನ್ಸಿನ್‌ನ ಮ್ಯಾಡಿಸನ್‌ನಲ್ಲಿ ಆರೋಗ್ಯ ವಿಮಾ ಸಂಸ್ಥೆಗಳು ಪಾಲಿನ ಹಣದ ಒಂದು ಭಾಗವನ್ನು ಸದಸ್ಯರಿಗೆ ಮರಳಿಸಿದ್ದು ಒಳ್ಳೆಯ ಉಪಾಯ, ಆದರೆ ಅದು ವಿಮೆ ಇದ್ದವರಿಗೆ ಮಾತ್ರ.

ನನಗೆ ಇದಕ್ಕಿಂತ ಹೆಚ್ಚು ನೋವಾಗುವುದು ರೈತರ ಕೂಲಿಯ ವಿಚಾರದಲ್ಲಿ. ಕ್ಯಾಲಿಫೋರ್ನಿಯಾದ ಸಿಎಸ್‌ಎ ರೈತರನ್ನು ಅಧ್ಯಯನ ಮಾಡಿದ ರಯನ್ ಗಾಲ್ಟ್ ತೋರಿಸಿದ್ದು ಇದನ್ನೇ: ಸದಸ್ಯರ ಮೇಲಿನ ಪ್ರೀತಿ, ಹಂಗು, ಮುಲಾಜು ಎಲ್ಲ ಸೇರಿ ಎಷ್ಟೋ ರೈತರು ಪಾಲಿನ ದರವನ್ನು ತಮ್ಮ ದುಡಿಮೆಯ ಬೆಲೆ ಬಾರದಷ್ಟು ಕಡಿಮೆ ಇಡುತ್ತಾರೆ. ಮಂಡಿಯವರು ಬೆಲೆ ಮುರಿದರೆ ಕೋಪ ಬರುತ್ತದೆ; ಇಲ್ಲಿ ರೈತರು ತಾವೇ ಮುರಿದುಕೊಳ್ಳುತ್ತಾರೆ. ಖರ್ಚಿನ ಪಟ್ಟಿಯಲ್ಲಿ ರೈತರ ಮನೆಯವರ ಸಂಬಳ ಮೊದಲ ಸಾಲಿನಲ್ಲಿ ಇರದಿದ್ದರೆ ಆ ವ್ಯವಸ್ಥೆಯನ್ನು ಬೆಂಬಲಿತ ಕೃಷಿ ಎಂದು ಕರೆಯಬಾರದು.

ಇನ್ನೊಂದು ಅಡ್ಡದಾರಿಯೂ ಇದೆ. ಹತ್ತಾರು ಜಮೀನುಗಳಿಂದ ತರಕಾರಿ ಕೊಂಡು, ಚಂದದ ಪೆಟ್ಟಿಗೆಯಲ್ಲಿಟ್ಟು, ಬೇಡದ್ದನ್ನು ತೆಗೆದು ಬೇಕಾದ್ದನ್ನು ಹಾಕಿಸಿಕೊಳ್ಳುವ, ಯಾವ ವಾರ ಬೇಕಾದರೂ ನಿಲ್ಲಿಸುವ ಅವಕಾಶ ಕೊಡುವ ಕಂಪನಿಗಳು. ಗ್ರಾಹಕರಿಗೆ ಅನುಕೂಲ ಹೌದು. ಆದರೆ ನಿಲ್ಲಿಸುವ ಅವಕಾಶ ಇದ್ದಲ್ಲಿ ನಷ್ಟ ಮತ್ತೆ ಹೊಲಕ್ಕೇ ಮರಳುತ್ತದೆ.

ನಮ್ಮ ನಾಡಿಗೆ ಬರೋಣ. ತೋಟಗಾರಿಕೆ ಇಲಾಖೆಯ ಮರಿಗೌಡರ ಮುತುವರ್ಜಿಯಿಂದ 1959ರಲ್ಲಿ ಹುಟ್ಟಿ ಮುಂದೆ ಹಾಪ್‌ಕಾಮ್ಸ್ ಆದ ಸಹಕಾರ ಸಂಘ ರೈತರ ಮಾಲನ್ನು ನೇರವಾಗಿ ಊರಿನ ಮೂಲೆಮೂಲೆಗೆ ಮುಟ್ಟಿಸಿತು, ತೂಕದಲ್ಲಿ ನ್ಯಾಯ ತಂದಿತು. ಬೆಲೆ ಮಾತ್ರ ದಿನದ ಮಾರುಕಟ್ಟೆಯದೇ. 2004ರಲ್ಲಿ ಕರ್ನಾಟಕ ಸಾವಯವ ಕೃಷಿ ನೀತಿ ತಂದಿತು. ಸಹಜ ಸಮೃದ್ಧದಂಥ ಸಂಸ್ಥೆಗಳು ದೇಸಿ ಬೀಜ ಉಳಿಸುತ್ತ, ರೈತರ ಉತ್ಪಾದಕ ಕಂಪನಿ ಕಟ್ಟಿ, ಪಟ್ಟಣದ ಮನೆಗಳಿಗೆ ಕೆಂಪಕ್ಕಿ, ಸಿರಿಧಾನ್ಯ ಮುಟ್ಟಿಸಿದವು. 2017ರಲ್ಲಿ ಬೆಂಗಳೂರಿನಲ್ಲಿ ಶುರುವಾದ ಫಾರ್ಮಿಜೆನ್, 600 ಚದರಡಿಯ ತುಂಡು ಭೂಮಿಯನ್ನು ತಿಂಗಳ ಶುಲ್ಕಕ್ಕೆ ನಗರದವರಿಗೆ ಕೊಟ್ಟು ರೈತರ ಆದಾಯ ಸ್ಥಿರಗೊಳಿಸಲು ಹೊರಟಿತು. ಬೀದರಿನ ಗಡಿಯಾಚೆ, ಜಹೀರಾಬಾದಿನಲ್ಲಿ ಮೈಸೂರಿನವರಾದ ಪಿ.ವಿ. ಸತೀಶ್ ಡೆಕ್ಕನ್ ಡೆವಲಪ್‌ಮೆಂಟ್ ಸೊಸೈಟಿಯ ಮೂಲಕ ದಲಿತ ಹೆಂಗಸರ ಸಂಘಗಳೊಂದಿಗೆ ದಶಕಗಳ ಕಾಲ ದುಡಿದರು. ಒಬ್ಬರ ಹೊಲಕ್ಕೆ ಇನ್ನೊಬ್ಬರು ಸಾಕ್ಷಿ ನಿಲ್ಲುವ ಪಾಲ್ಗೊಳ್ಳುವ ಖಾತರಿ ಪದ್ಧತಿಯನ್ನು ಆ ಹೆಂಗಸರು ನಡೆಸಿ ತೋರಿಸಿದರು. ಸಣ್ಣ ಉತ್ಪಾದಕರು ನೇರವಾಗಿ ಗ್ರಾಹಕರಿಗೆ ಮಾರುವುದಾದರೆ ಸಾವಯವ ಪ್ರಮಾಣಪತ್ರದಿಂದ ವಿನಾಯಿತಿಯನ್ನು 2017ರ ಕೇಂದ್ರ ನಿಯಮವೇ ಕೊಟ್ಟಿದೆ. ಆದ್ದರಿಂದ ಕಾನೂನು ಅಡ್ಡ ಬರುವುದಿಲ್ಲ.

ಬಂದಿರುವ ಅಡ್ಡಿ ತರಕಾರಿ ಬುಟ್ಟಿಯದು. ನಮ್ಮಲ್ಲಿ ಈ ವಿಚಾರ ಬಂದಾಗಲೆಲ್ಲ ವಾರದ ಬುಟ್ಟಿಯಿಂದಲೇ ಶುರುಮಾಡುತ್ತಾರೆ. ಐವತ್ತು ಮನೆಗೆ ವರ್ಷವಿಡೀ ವಾರಕ್ಕೆ ಏಳೆಂಟು ಬಗೆ ಕೊಡಬೇಕೆಂದರೆ ಇಪ್ಪತ್ತೈದು ದಿನಕ್ಕೆ ಬರುವ ಮೆಂತ್ಯ, ಐವತ್ತು ದಿನದ ಹುರುಳಿಕಾಯಿ, ಎರಡು ತಿಂಗಳು ಮೀರುವ ಟೊಮೆಟೊ ಎಲ್ಲವನ್ನೂ ಹತ್ತು ಹದಿನೈದು ದಿನಕ್ಕೊಮ್ಮೆ ಸಾಲುಸಾಲಾಗಿ ಬಿತ್ತುತ್ತಲೇ ಇರಬೇಕು. ಬೋರ್‌ವೆಲ್ ಬತ್ತುವಂತಿಲ್ಲ. ಬುಟ್ಟಿಯನ್ನು ವಾರವಾರ ನಗರದ ಟ್ರಾಫಿಕ್ಕಿನಲ್ಲಿ ಮನೆ ಮುಟ್ಟಿಸುವ ಖರ್ಚೇ ಎಷ್ಟೋ ಪ್ರಯತ್ನಗಳನ್ನು ಮುಳುಗಿಸುತ್ತದೆ. ಜೊತೆಗೆ ಗೇಟಿನ ಹೊರಗೆ ತಳ್ಳುಗಾಡಿಯವರು ಇದ್ದೇ ಇದ್ದಾರೆ; ಅವರೂ ಬಡವರೇ, ಅವರ ಹೊಟ್ಟೆಯ ಮೇಲೆ ಹೊಡೆದು ಕಟ್ಟುವ ವ್ಯವಸ್ಥೆ ನಮಗೆ ಬೇಡ.

ನನ್ನ ತೀರ್ಮಾನ ಹೀಗಿದೆ: ಕರ್ನಾಟಕದಲ್ಲಿ ಸಿಎಸ್‌ಎ ದಿನಸಿಯಿಂದ ಶುರುವಾಗಬೇಕು. ಒಂದೆರಡು ತಲೆಮಾರಿನ ಹಿಂದಿನವರೆಗೂ ಪಟ್ಟಣದ ಮನೆಗಳು ಸುಗ್ಗಿ ಮುಗಿದ ಮೇಲೆ ವರ್ಷಕ್ಕಾಗುವ ರಾಗಿ, ಭತ್ತ, ಬೇಳೆ ತುಂಬಿಕೊಳ್ಳುತ್ತಿದ್ದವು. ರಾಗಿ ಹುಳು ಹಿಡಿಯದೆ ವರ್ಷಗಟ್ಟಲೆ ಉಳಿಯುವ ಧಾನ್ಯ. ಸಾಗಾಟ ವರ್ಷಕ್ಕೊಂದೆರಡು ಸಲ ಸಾಕು, ಲಾರಿ ಬಾಡಿಗೆ ಹಂಚಿಹೋಗುತ್ತದೆ. ನೀರಾವರಿ ಇಲ್ಲದ ಮಳೆಯಾಶ್ರಯದ ರೈತರೂ ಇದರೊಳಗೆ ಬರುತ್ತಾರೆ. ತರಕಾರಿ ಬುಟ್ಟಿಯಲ್ಲಿ ಅವರಿಗೆ ಜಾಗವೇ ಇಲ್ಲ. ಇನ್ನೂ ಒಂದು ಲಾಭವಿದೆ. ಮಂಡಿಗೆ ಒಂದೇ ಬಗೆಯ ಮಾಲು ಲೋಡುಗಟ್ಟಲೆ ಬೇಕು, ಮನೆಗೆ ಹತ್ತು ಬಗೆ ಸ್ವಲ್ಪ ಸ್ವಲ್ಪ ಬೇಕು. ರಾಗಿ ಹೊಲದ ನಡುವೆ ಅವರೆ, ತೊಗರಿ, ಅಲಸಂದೆ, ಹುಚ್ಚೆಳ್ಳು, ಸಾಸಿವೆ ಹಾಕುವ ಅಕ್ಕಡಿ ಸಾಲು ಇದೇ ಲೆಕ್ಕದ ಬೇಸಾಯ. ಒಂದು ಕೈಕೊಟ್ಟರೆ ಇನ್ನೊಂದು ಉಳಿಯುತ್ತದೆ. ಅಕ್ಕಡಿ ಸಾಲಿನ ಬೆಳೆಗಳನ್ನು ಕೊಳ್ಳುವವರಿಲ್ಲದೆ ರೈತರು ಅದನ್ನು ಬಿಟ್ಟರು. ಹತ್ತಿಪ್ಪತ್ತು ಮನೆಗಳು ‘ಹೊಲದಲ್ಲಿ ಬಂದದ್ದೆಲ್ಲ ನಮಗಿರಲಿ’ ಎಂದರೆ ಅದು ಮತ್ತೆ ಬರಬಹುದು.

ಬರದ ವರ್ಷ ಏನು ಎಂಬ ಪ್ರಶ್ನೆಯನ್ನು ಮುಚ್ಚಿಡಬಾರದು. 2023ರಲ್ಲಿ ರಾಜ್ಯದ 236 ತಾಲ್ಲೂಕುಗಳ ಪೈಕಿ 223ರಲ್ಲಿ ಬರ ಘೋಷಣೆಯಾಯಿತು. ಅಂಥ ವರ್ಷ ಕ್ವಿಂಟಲ್ ಬರಬೇಕಾದಲ್ಲಿ ಇಪ್ಪತ್ತು ಕಿಲೊ ಬರಬಹುದು, ಏನೂ ಬಾರದೆಯೂ ಇರಬಹುದು. ಆಗ ಹಣ ವಾಪಸ್ ಕೇಳುವವರು ಮಂಡಿಯವರಿಗಿಂತ ಬೇರೆಯಾಗುವುದಿಲ್ಲ. ಪಾಲನ್ನು ಎರಡು ಕಂತು ಮಾಡಿ, ಅರ್ಧ ಬಿತ್ತನೆಗೆ ಮುಂಚೆ, ಅರ್ಧ ಕಣ ಆದ ಮೇಲೆ ಎಂದಿಟ್ಟುಕೊಂಡರೆ, ಮೊದಲ ಕಂತು ಯಾವ ಕಾರಣಕ್ಕೂ ಹಿಂದಿರುಗುವುದಿಲ್ಲ ಎಂದು ಮೊದಲೇ ಬರೆದುಕೊಂಡರೆ, ಮನೆಗೆ ಬೀಳುವ ನಷ್ಟ ಒಂದು ಹಬ್ಬದ ಬಟ್ಟೆಯ ಖರ್ಚಿನಷ್ಟಾಗುತ್ತದೆ. ಅದೇ ಮೊತ್ತ ಇಪ್ಪತ್ತು ಮನೆಗಳಿಂದ ಒಟ್ಟಾದಾಗ ಒಂದು ಕುಟುಂಬ ಮುಂದಿನ ಮುಂಗಾರಿನವರೆಗೆ ಸಾಲ ಮಾಡದೆ ಬದುಕಬಲ್ಲದು. ಮುಂಗಡ ಕೊಡಲಾಗದ ಮನೆಗಳೂ ಇರುತ್ತವೆ. ಅಪಾರ್ಟ್‌ಮೆಂಟಿನ ಗೃಹಕಾರ್ಮಿಕರು, ಕಾವಲುಗಾರರು ತಿಂಗಳ ಕಂತಿನಲ್ಲಿ ಅದೇ ರಾಗಿ ಕೊಳ್ಳುವಂತೆ ಉಳಿದವರು ಮೊದಲ ಕಂತನ್ನು ತುಂಬಿಕೊಟ್ಟರೆ ಇದು ಉಳ್ಳವರ ಹವ್ಯಾಸವಾಗಿ ಉಳಿಯುವುದಿಲ್ಲ.

ಇದಕ್ಕೆ ಆ್ಯಪ್ ಬೇಕಿಲ್ಲ, ಸರ್ಕಾರದ ಯೋಜನೆಗೆ ಕಾಯಬೇಕಿಲ್ಲ. ನಿಮ್ಮ ಬೀದಿಯಲ್ಲೋ, ಕಚೇರಿಯಲ್ಲೋ ಇಪ್ಪತ್ತು ಮನೆಗಳು ಒಪ್ಪಿದರೆ, ನಿಮ್ಮ ಊರಿನ ಕಡೆ ಪರಿಚಯದ ಒಬ್ಬ ರೈತರ ಹೊಲಕ್ಕೆ ಒಂದು ಭಾನುವಾರ ಹೋಗಿ ಬನ್ನಿ. ಅವರ ವರ್ಷದ ಖರ್ಚು ಎಷ್ಟು, ಅದರಲ್ಲಿ ಅವರ ಮನೆಯವರ ದುಡಿಮೆಗೆ ಎಷ್ಟು ಇಟ್ಟಿದ್ದಾರೆ ಎಂದು ಕೇಳಿ. ಇಟ್ಟಿಲ್ಲವೆಂದರೆ ಇಡಿಸಿ. ರಾಗಿ ಬಿತ್ತನೆಯ ಖರ್ಚು ಮುಂಗಾರು ಕೂಡುವ ಮುಂಚೆಯೇ ಬೇಕಾಗುತ್ತದೆ. ಹಾಗಾಗಿ ಮಾತುಕತೆ ಯುಗಾದಿಯ ಹೊತ್ತಿಗೆ ಮುಗಿದು, ಮೇ ತಿಂಗಳು ಮುಗಿಯುವಷ್ಟರಲ್ಲಿ ಮೊದಲ ಕಂತು ಅವರ ಕೈ ಸೇರಲಿ.